ರಾತ್ರಿ ಹೆಪ್ಪುಗಟ್ಟಿತೇ? ಸಿಯಾಟಲ್ ಸುತ್ತಲಿನ ವಸಂತದ ವಾರಾಂತ್ಯಗಳಿಗೆ ಒಂದು ಕೈಪಿಡಿ

ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಶನಿವಾರ ಬಿಸಿಲು ಬಿದ್ದ ಬಂಡೆಯನ್ನು ಹತ್ತಿ, ಭಾನುವಾರ ಹಿಮದ ಬೆಟ್ಟವನ್ನು ಏರಿ ಸ್ಕೀ ಮೇಲೆ ಇಳಿದು ಬರುವುದು ಸಾಧ್ಯ. ಇದಕ್ಕೆ ಕಾರಣ ಕ್ಯಾಸ್ಕೇಡ್ ಪರ್ವತಶ್ರೇಣಿಯ ಇರುವಿಕೆ. ಆಗುಂಬೆಯಲ್ಲಿ ಸುರಿದ ಮೋಡ ಚಿತ್ರದುರ್ಗವನ್ನು ತಲುಪುವ ಹೊತ್ತಿಗೆ ಬರಿದಾಗುವಂತೆಯೇ ಪೆಸಿಫಿಕ್ ಸಾಗರದಿಂದ ಬರುವ ಮೋಡಗಳು ಈ ಶ್ರೇಣಿಯ ಪಶ್ಚಿಮದ ಮಗ್ಗುಲಿನಲ್ಲಿ ಮಳೆಯನ್ನೂ ನೆತ್ತಿಯ ಮೇಲೆ ಹಿಮವನ್ನೂ ಸುರಿಸಿ, ಪೂರ್ವದ ಬಯಲನ್ನು ಒಣಗಲು ಬಿಡುತ್ತವೆ. ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಕಡೆಯ ಕಚೇರಿಗಳಲ್ಲಿ ದುಡಿಯುವ ಕನ್ನಡಿಗರಲ್ಲಿ ರಾಮನಗರದ ಬಂಡೆಗಳನ್ನೋ ಬಾದಾಮಿಯ ಕೆಂಪು ಗೋಡೆಗಳನ್ನೋ ಹತ್ತಿ ಕಲಿತು ಬಂದವರಿದ್ದಾರೆ. ಸ್ಕೀಯನ್ನು ಇಲ್ಲಿಗೆ ಬಂದ ಮೇಲೆ ಕಲಿತವರೂ ಇದ್ದಾರೆ. ಈ ಎರಡನ್ನೂ ಒಂದೇ ವಾರಾಂತ್ಯಕ್ಕೆ ಹೊಂದಿಸುವುದು ಹೇಗೆ ಎಂಬುದನ್ನು ಅವರನ್ನು ಉದ್ದೇಶಿಸಿಯೇ ಬರೆಯುತ್ತಿದ್ದೇನೆ.

ಮೊದಲಿಗೆ ಎರಡು ಪದಗಳ ಬಗ್ಗೆ ಹೇಳಬೇಕು. ನಮ್ಮ ಪತ್ರಿಕೆಗಳು ಹಿಮ ಬೀಳುವುದಕ್ಕೂ ಬೆಟ್ಟದ ಹಿಮರಾಶಿ ಜಾರಿ ಕುಸಿಯುವುದಕ್ಕೂ ‘ಹಿಮಪಾತ’ ಎಂದೇ ಬರೆಯುವುದುಂಟು. ಇಲ್ಲಿ ಎರಡನೆಯದನ್ನು ‘ಹಿಮಕುಸಿತ’ ಎಂದೇ ಕರೆಯುತ್ತೇನೆ, ಏಕೆಂದರೆ ಮೊದಲನೆಯದಕ್ಕಾಗಿ ನಾವು ಕಾಯುತ್ತೇವೆ, ಎರಡನೆಯದರಿಂದ ಜೀವ ಉಳಿಸಿಕೊಳ್ಳುತ್ತೇವೆ. ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಎಂದರೆ ಲಿಫ್ಟ್, ಹದಗೊಳಿಸಿದ ಹಾದಿ, ಕಾವಲು ಪಡೆ ಯಾವುದೂ ಇಲ್ಲದ ಬೆಟ್ಟವನ್ನು ಸ್ವಂತ ಕಾಲಿನ ಬಲದಿಂದ ಏರಿ ಇಳಿಯುವುದು. ಏರುವಾಗ ಸ್ಕೀಯ ಅಡಿಗೆ ‘ಸ್ಕಿನ್’ ಎಂಬ ರೋಮದ ಪಟ್ಟಿಯನ್ನು ಅಂಟಿಸುತ್ತಾರೆ. ಅದರ ರೋಮಗಳು ಹಿಂದಕ್ಕೆ ಬಾಗಿರುವುದರಿಂದ ಸ್ಕೀ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಜಾರುವುದಿಲ್ಲ.

ಎಲ್ಲ ಯೋಜನೆಯೂ ಒಂದು ಪ್ರಶ್ನೆಯಿಂದ

ಚಳಿಗಾಲದಲ್ಲಿ ‘ಎಷ್ಟು ಹಿಮ ಬಿತ್ತು, ಗಾಳಿ ಅದನ್ನು ಎಲ್ಲಿ ಪೇರಿಸಿತು’ ಎಂದು ಕೇಳುತ್ತೇವೆ. ವಸಂತದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ರಾತ್ರಿ ಹೆಪ್ಪುಗಟ್ಟಿತೇ’ ಎಂಬುದು. ಹಗಲಿನ ಬಿಸಿಲಿಗೆ ಮೇಲ್ಪದರ ಕರಗಿ, ರಾತ್ರಿಯ ಚಳಿಗೆ ಮತ್ತೆ ಗಟ್ಟಿಯಾಗುವುದು ಹಲವು ದಿನ ನಡೆದಾಗ ಹಿಮದ ಸೂಕ್ಷ್ಮ ಹರಳುಗಳು ಒಂದಕ್ಕೊಂದು ಕೂಡಿ ದುಂಡಗಿನ ದೊಡ್ಡ ಕಾಳುಗಳಾಗುತ್ತವೆ. ಇಂಗ್ಲಿಷಿನವರು ಇದನ್ನು ಕಾರ್ನ್ ಎನ್ನುತ್ತಾರೆ. ನನಗೆ ಕಾಣುವುದು ನಮ್ಮ ಅಡುಗೆಮನೆಯ ಡಬ್ಬಿಗಳು. ಜನವರಿಯ ಹೊಸ ಹಿಮ ಅಕ್ಕಿಹಿಟ್ಟಾದರೆ ಏಪ್ರಿಲ್‌ನ ಈ ಹಿಮ ಬನ್ಸಿ ರವೆ, ಮಧ್ಯಾಹ್ನ ಮೀರಿದ ಮೇಲೆ ಅದೇ ಅಂಬಲಿ. ರಾತ್ರಿ ಗಟ್ಟಿಯಾದ ತೊಗಟೆಯ ಮೇಲಿನ ಒಂದೆರಡು ಅಂಗುಲ ಮಾತ್ರ ಬಿಸಿಲಿಗೆ ಸಡಿಲಗೊಂಡ ಗಳಿಗೆಯಲ್ಲಿ ಸ್ಕೀ ಮಾಡುವುದು ಎಷ್ಟು ಸಲೀಸು ಎಂದರೆ ನನ್ನಂತಹ ಸಾಧಾರಣ ಕಲಿಕೆಯವನೂ ಆ ಅರ್ಧ ಗಂಟೆಯಲ್ಲಿ ಪಳಗಿದವನಂತೆ ಕಾಣುತ್ತಾನೆ. ಆದರೆ ಆ ಗಳಿಗೆ ಕಾಯುವುದಿಲ್ಲ.

ಹೆಪ್ಪುಗಟ್ಟಿತೇ ಎಂಬುದನ್ನು ಮುನ್ಸೂಚನೆಯಿಂದ ಊಹಿಸುವಾಗ ಎಷ್ಟು ಎತ್ತರದಲ್ಲಿ ಗಾಳಿಯ ಉಷ್ಣತೆ ಶೂನ್ಯ ಡಿಗ್ರಿಗೆ ಇಳಿಯುತ್ತದೆ ಎಂಬುದನ್ನು ನೋಡುವುದರ ಜೊತೆಗೆ ಆಕಾಶವನ್ನೂ ನೋಡಬೇಕು. ಮೋಡವಿಲ್ಲದ ರಾತ್ರಿಯಲ್ಲಿ ಹಿಮದ ಮೇಲ್ಮೈ ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತ ಹೆಚ್ಚು ತಣ್ಣಗಾಗುವುದರಿಂದ, ಗಾಳಿಯ ಉಷ್ಣತೆ ಶೂನ್ಯಕ್ಕಿಂತ ಒಂದೆರಡು ಡಿಗ್ರಿ ಮೇಲಿದ್ದರೂ ತೊಗಟೆ ಗಟ್ಟಿಯಾಗಬಹುದು. ಮೋಡ ಮುಸುಕಿದ ರಾತ್ರಿ ಕಂಬಳಿ ಹೊದ್ದಂತೆ. ಚಳಿ ಇದೆಯೆಂದು ನಮಗೆ ಅನಿಸಿದರೂ ಹಿಮ ಹಸಿಯಾಗಿಯೇ ಉಳಿಯುತ್ತದೆ. ಸತತವಾಗಿ ಎರಡು ಮೂರು ರಾತ್ರಿ ಹೆಪ್ಪುಗಟ್ಟದೆ ಹೋದರೆ ಕರಗಿದ ನೀರು ಆಳದ ಪದರಗಳಿಗೆ ಇಳಿದು ಅಲ್ಲಿನ ಬೆಸುಗೆಯನ್ನು ಬಿಡಿಸುತ್ತದೆ, ಮತ್ತು ಅಂತಹ ವಾರಾಂತ್ಯದಲ್ಲಿ ಕಡಿದಾದ ಹಿಮದ ಕಡೆಗೆ ಹೋಗದೆ ಎರಡೂ ದಿನ ಬಂಡೆ ಹತ್ತುವುದೇ ಸರಿ. ಹೊಸ ಹಿಮ ಬಿದ್ದ ನಂತರದ ಮೊದಲ ಪ್ರಖರ ಬಿಸಿಲಿನ ದಿನವೂ, ಹಿಮದ ಮೇಲೆ ಮಳೆ ಸುರಿದ ದಿನವೂ ಇದೇ ಸಾಲಿಗೆ ಸೇರುತ್ತವೆ.

ವಾಯವ್ಯ ಭಾಗದ ಹಿಮಕುಸಿತ ಮುನ್ಸೂಚನಾ ಕೇಂದ್ರವು ಚಳಿಗಾಲದಲ್ಲಿ ಪ್ರತಿದಿನವೂ ಅಪಾಯವನ್ನು ಐದು ಮಟ್ಟಗಳಲ್ಲಿ ಪ್ರಕಟಿಸುತ್ತದೆ. ಈ ದೈನಂದಿನ ಮುನ್ಸೂಚನೆ ಸಾಮಾನ್ಯವಾಗಿ ಏಪ್ರಿಲ್ ನಡುವಿನಲ್ಲಿ ನಿಲ್ಲುತ್ತದೆ. ಬೆಟ್ಟದಲ್ಲಿ ಹಿಮವಾದರೋ ಜೂನ್ ದಾಟಿಯೂ ಇರುತ್ತದೆ. ಹೀಗಾಗಿ ವಸಂತದ ಅತ್ಯುತ್ತಮ ವಾರಗಳಲ್ಲಿ ಲೆಕ್ಕ ಹಾಕುವ ಹೊಣೆ ನಮ್ಮದೇ ಆಗುತ್ತದೆ, ಮತ್ತು ಅದಕ್ಕೆ ಮೂರು ದಿನಗಳ ಮೊದಲ ಹಂತದ ಹಿಮಕುಸಿತ ತರಬೇತಿಯನ್ನು ಚಳಿಗಾಲದಲ್ಲಿಯೇ ಮುಗಿಸಿರಬೇಕು. 1906ರಲ್ಲಿ ಸಿಯಾಟಲ್‌ನಲ್ಲಿ ಹುಟ್ಟಿದ ಮೌಂಟನಿಯರ್ಸ್ ಸಂಘವೂ ಹಲವು ಮಾರ್ಗದರ್ಶಕ ಸಂಸ್ಥೆಗಳೂ ಇಂತಹ ತರಬೇತಿಯನ್ನು ನಡೆಸುತ್ತವೆ. ಈ ಲೇಖನವೂ ಸೇರಿದಂತೆ ಯಾವ ಬರಹವೂ ಅದರ ಬದಲಿಯಾಗಲಾರದು.

ಬಂಡೆಯ ದಿನ

ಮಾರ್ಚ್‌ನಲ್ಲಿ ಪಶ್ಚಿಮದ ಬಂಡೆಗಳು ಇನ್ನೂ ಪಾಚಿಗಟ್ಟಿ ಒದ್ದೆಯಾಗಿರುವಾಗ ಐ-90 ಹೆದ್ದಾರಿಯಲ್ಲಿ ಸ್ನೋಕ್ವಾಲ್ಮಿ ಕಣಿವೆಮಾರ್ಗವನ್ನು ದಾಟಿ, ಸುಮಾರು ಎರಡೂಕಾಲು ಗಂಟೆಯ ಪ್ರಯಾಣದಲ್ಲಿ ಕೊಲಂಬಿಯಾ ನದಿಯ ಆಚೆ ದಡದ ಫ್ರೆಂಚ್‌ಮನ್ ಕೂಲಿ ಎಂಬ ಕಣಿವೆಯನ್ನು ತಲುಪಬಹುದು. ಹತ್ತುವವರು ಇದನ್ನು ಹತ್ತಿರದ ಊರಿನ ಹೆಸರಿನಿಂದ ವ್ಯಾಂಟೇಜ್ ಎನ್ನುತ್ತಾರೆ. ಒಂದೂವರೆ ಕೋಟಿ ವರ್ಷಗಳಷ್ಟು ಹಿಂದೆ ಹರಿದ ಲಾವಾ ತಣಿದು ಬಿರುಕು ಬಿಟ್ಟು ನಿಂತ ಬಸಾಲ್ಟ್ ಕಂಬಗಳು ಇಲ್ಲಿ ಸಾಲುಗಟ್ಟಿವೆ. ಉಡುಪಿ ಬಳಿಯ ಸೇಂಟ್ ಮೇರೀಸ್ ದ್ವೀಪದ ಕಂಬಗಳನ್ನು ನೋಡಿದವರಿಗೆ ಇವುಗಳ ಹುಟ್ಟು ಅಪರಿಚಿತವೆನಿಸದು, ಎತ್ತರ ಮಾತ್ರ ಬೆರಗು ಹುಟ್ಟಿಸುತ್ತದೆ. ಹಿಮಯುಗದ ಕೊನೆಯಲ್ಲಿ ನುಗ್ಗಿದ ಮಹಾಪ್ರವಾಹವೊಂದು ಈ ಭಾಗದ ಕಣಿವೆಗಳನ್ನು ಕೊರೆಯಿತು ಎಂದು 1920ರ ದಶಕದಲ್ಲಿ ವಾದಿಸಿದ ಭೂವಿಜ್ಞಾನಿ ಜೆ ಹಾರ್ಲೆನ್ ಬ್ರೆಟ್ಜ್ ಅವರನ್ನು ಸಹೋದ್ಯೋಗಿಗಳು ದಶಕಗಳ ಕಾಲ ನಂಬಲಿಲ್ಲ.

ಹೊಸಬರು ‘ಫೆದರ್ಸ್’ ಎಂಬ ಕಂಬಗಳ ಸಾಲಿನಿಂದ ಆರಂಭಿಸಬೇಕು. ಇಲ್ಲಿನ ಮಾರ್ಗಗಳಿಗೆ ಹಗ್ಗ ಸಿಕ್ಕಿಸಲು ಬೋಲ್ಟ್ ಹೊಡೆದಿರುತ್ತದೆ. ಸಾಲಿನ ಎರಡೂ ಬದಿಯಲ್ಲಿ ಹತ್ತಬಹುದಾದ್ದರಿಂದ ಬಿಸಿಲು ಬೇಕೋ ನೆರಳು ಬೇಕೋ ಆರಿಸಿಕೊಳ್ಳಬಹುದು. ದಕ್ಷಿಣಕ್ಕೆ ಮುಖಮಾಡಿದ ‘ಸನ್‌ಶೈನ್ ವಾಲ್’ ಚಳಿಯ ದಿನದಲ್ಲಿಯೂ ಬೆಚ್ಚಗಿರುತ್ತದೆ. ಬಾದಾಮಿಯ ಮರಳುಗಲ್ಲಿನ ಅಡ್ಡಪದರಗಳ ಮೇಲೆ ಬೆರಳೂರಿ ಹತ್ತಿದವರಿಗೂ ರಾಮನಗರದ ಗ್ರಾನೈಟ್ ಚಪ್ಪಡಿಯ ಮೇಲೆ ಬೂಟಿನ ಅಂಟನ್ನು ನಂಬಿ ನಡೆದವರಿಗೂ ಇಲ್ಲಿ ಹೊಸದಾಗಿ ಕಲಿಯಬೇಕಾದದ್ದು ಎರಡು ಕಂಬಗಳ ನಡುವಿನ ಬಿರುಕಿಗೆ ಕೈಯನ್ನೂ ಕಾಲನ್ನೂ ತೂರಿಸಿ ತಿರುವಿ ಸಿಕ್ಕಿಸುವ ವಿದ್ಯೆ. ಮೊದಲ ದಿನ ಕೈಯ ಹಿಂಬದಿ ತರಚಿಯೇ ತರಚುತ್ತದೆ.

ಬೆಟ್ಟದ ಹಿಮಕ್ಕೆ ಅನ್ವಯಿಸುವ ಅದೇ ಪ್ರಶ್ನೆ ಇಲ್ಲಿಯೂ ಬರುತ್ತದೆ, ಆದರೆ ಉತ್ತರ ತಿರುವುಮುರುವಾಗಿರುತ್ತದೆ. ಬಿರುಕಿನೊಳಗೆ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿದಾಗ ಹಿಗ್ಗಿ ಕಲ್ಲನ್ನು ಮೀಟುತ್ತದೆ. ಬೆಳಗಿನ ಬಿಸಿಲಿಗೆ ಆ ಹೆಪ್ಪು ಕರಗಿದಾಗ, ಅಷ್ಟರವರೆಗೆ ಅದೇ ಹಿಡಿದುಕೊಂಡಿದ್ದ ಕಲ್ಲು ಸಡಿಲವಾಗುತ್ತದೆ. ಗಟ್ಟಿಯಾಗಿ ಹೆಪ್ಪುಗಟ್ಟಿದ ರಾತ್ರಿ ಹಿಮಕ್ಕೆ ಒಳ್ಳೆಯದು, ಕಂಬಗಳಿಗೆ ಅಷ್ಟು ಒಳ್ಳೆಯದಲ್ಲ. ಆದ್ದರಿಂದ ಋತುವಿನ ಮೊದಲ ವಾರಗಳಲ್ಲಿ ಪ್ರತಿ ಹಿಡಿತವನ್ನೂ ಭಾರ ಹಾಕುವ ಮೊದಲು ಅಂಗೈಯಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಬಿಟ್ಟುಬಿಡಬೇಕು. ಹಗ್ಗ ಹಿಡಿದು ಕೆಳಗೆ ನಿಂತವರೂ ಹೆಲ್ಮೆಟ್ ಧರಿಸಿರಬೇಕು. ಏಪ್ರಿಲ್ ಹೊತ್ತಿಗೆ ಗಿಲಕಿ ಹಾವುಗಳೂ ಬಿಸಿಲು ಕಾಯಲು ಹೊರಬರುತ್ತವೆ, ಅಂದರೆ ಬಾಲದ ಗಿಲಕಿ ಅಲ್ಲಾಡಿಸುವ ರ‍್ಯಾಟಲ್ ಹಾವುಗಳು. ಬಂಡೆಯ ಬುಡದಲ್ಲಿ ಚೀಲ ಇಡುವ ಮೊದಲು ಒಮ್ಮೆ ನೋಡುವುದು ಒಳ್ಳೆಯದು. ವಾಹನ ನಿಲ್ಲಿಸಲು ರಾಜ್ಯದ ಡಿಸ್ಕವರ್ ಪಾಸ್ ಬೇಕು.

ಏಪ್ರಿಲ್ ಕೊನೆಯಿಂದ ಬಿಸಿಲು ನಾಲ್ಕು ದಿನ ನಿಂತಾಗ ಸಿಯಾಟಲ್‌ಗೆ ಇನ್ನೂ ಹತ್ತಿರದ ಇಂಡೆಕ್ಸ್ ಊರಿನ ಗ್ರಾನೈಟ್ ಗೋಡೆಗಳು ಒಣಗುತ್ತವೆ. ಅಲ್ಲಿನ ಮಾರ್ಗಗಳಿಗೆ ಬರೆದಿರುವ ಕಷ್ಟದ ದರ್ಜೆಯನ್ನು ನಂಬಿ ಹೊರಡುವವರು ಒಂದು ಮೆಟ್ಟಿಲು ಕೆಳಗಿನದನ್ನು ಆರಿಸಿಕೊಂಡರೆ ಮಾನ ಉಳಿಯುತ್ತದೆ.

ಹಿಮದ ದಿನ

ಇಲ್ಲಿ ಒಂದು ಬೆಟ್ಟವನ್ನೇ ಉದಾಹರಣೆಯಾಗಿ ಹಿಡಿದು ವಿವರಿಸುತ್ತೇನೆ, ಏಕೆಂದರೆ ಸಮಯದ ಲೆಕ್ಕವನ್ನು ಇದರಷ್ಟು ಚೆನ್ನಾಗಿ ಕಲಿಸುವ ಬೆಟ್ಟ ಈ ಭಾಗದಲ್ಲಿ ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. 1980ರ ಮೇ 18ರಂದು ಸ್ಫೋಟಿಸಿ 57 ಜನರನ್ನು ಬಲಿತೆಗೆದುಕೊಂಡ ಮೌಂಟ್ ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಅಂದು ತನ್ನ ನೆತ್ತಿಯ ಸುಮಾರು 1,300 ಅಡಿಗಳನ್ನು ಕಳೆದುಕೊಂಡಿತು. ಈಗ ಉಳಿದಿರುವುದು ಸುಮಾರು 8,363 ಅಡಿ ಎತ್ತರದ ಅಂಚು, ಅದರ ಉತ್ತರಕ್ಕೆ ಬಾಯ್ತೆರೆದ ಕುಳಿ. ಚಳಿಗಾಲದ ಮತ್ತು ವಸಂತದ ಮಾರ್ಗದ ಹೆಸರು ವರ್ಮ್ ಫ್ಲೋಸ್. ಚಳಿಗಾಲದಲ್ಲಿ ವಾಹನ ನಿಲ್ಲಿಸುವ ಮಾರ್ಬಲ್ ಮೌಂಟನ್ ಸ್ನೋ-ಪಾರ್ಕ್‌ನಲ್ಲಿ ಸುಮಾರು 2,700 ಅಡಿ ಎತ್ತರದಿಂದ ಹೊರಟು, ಕಾಡಿನ ಹಾದಿಯಲ್ಲಿ ಎರಡು ಮೈಲಿಗೂ ಮಿಕ್ಕಿ ನಡೆದು ಚಾಕೊಲೇಟ್ ಜಲಪಾತದ ಬಳಿ ಹಳ್ಳವನ್ನು ದಾಟಿ, ಮರಗಳು ಮುಗಿದ ಮೇಲೆ ದಕ್ಷಿಣದ ಇಳಿಜಾರನ್ನು ನೇರವಾಗಿ ಏರಬೇಕು. ಹೋಗಿ ಬರಲು ಒಟ್ಟು 12 ಮೈಲಿ, ಏರು 5,700 ಅಡಿ.

4,800 ಅಡಿಗಿಂತ ಮೇಲೆ ಹೋಗಲು ವರ್ಷಪೂರ್ತಿ ಅನುಮತಿಪತ್ರ ಬೇಕು. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಅದನ್ನು ಸ್ಥಳದಲ್ಲಿಯೇ ತುಂಬಿಕೊಳ್ಳಬಹುದು. ಏಪ್ರಿಲ್ 1ರಿಂದ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇರುವುದರಿಂದ ಆನ್‌ಲೈನ್‌ನಲ್ಲಿ ಮುಂಗಡವಾಗಿ ಹಣ ಕಟ್ಟಿ ಪಡೆಯಬೇಕು. ಅನುಮತಿಗೆ ಹಣ ಕಟ್ಟಿದ್ದೇವೆಂಬ ಒಂದೇ ಕಾರಣಕ್ಕೆ ಕೆಟ್ಟ ದಿನದಂದು ಹೊರಟವರನ್ನು ನಾನು ನೋಡಿದ್ದೇನೆ. ಆ ಹಣವನ್ನು ಕಟ್ಟುವ ದಿನವೇ ಖರ್ಚಿನ ಲೆಕ್ಕಕ್ಕೆ ಬರೆದುಬಿಡುವುದು ಲೇಸು. ಚಳಿಗಾಲದ ಋತುವಿನಲ್ಲಿ ವಾಹನಕ್ಕೆ ಸ್ನೋ-ಪಾರ್ಕ್ ಪರವಾನಗಿಯೂ ಬೇಕಾಗುತ್ತದೆ.

ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ದಕ್ಷಿಣದ ಇಳಿಜಾರು ಸ್ಪಷ್ಟ ಬಿಸಿಲಿನ ಏಪ್ರಿಲ್ ದಿನದಲ್ಲಿ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರ ನಡುವೆ ಹದಕ್ಕೆ ಬರುತ್ತದೆ ಎಂದಿಟ್ಟುಕೊಳ್ಳೋಣ. ತರಬೇತಾದ ಸಾಧಾರಣ ದೇಹ ಗಂಟೆಗೆ ಸುಮಾರು 1,000 ಅಡಿ ಏರುತ್ತದೆ. 5,700 ಅಡಿಗೆ ಆರು ಗಂಟೆ, ಸ್ಕಿನ್ ತೆಗೆದು ಕ್ರಾಂಪಾನ್ ಎಂಬ ಲೋಹದ ಹಲ್ಲುಗಳ ಪಟ್ಟಿಯನ್ನು ಕಟ್ಟುವುದಕ್ಕೆ, ನೀರು ಕುಡಿಯುವುದಕ್ಕೆ ಇನ್ನು ಸ್ವಲ್ಪ. ಅಂದರೆ ಬೆಳಗಿನ ನಾಲ್ಕೂವರೆಗೆ ತಲೆಗೆ ದೀಪ ಕಟ್ಟಿಕೊಂಡು ಕಾಡಿನಲ್ಲಿರಬೇಕು. ಸಿಯಾಟಲ್‌ನಿಂದ ಅಲ್ಲಿಗೆ ಸುಮಾರು ಮೂರೂವರೆ ಗಂಟೆಯ ದಾರಿಯಾದ್ದರಿಂದ ಹಿಂದಿನ ಸಂಜೆಯೇ ಹೋಗಿ ವಾಹನದಲ್ಲಿ ಮಲಗುವುದು ವಾಡಿಕೆ. ಶನಿವಾರ ವ್ಯಾಂಟೇಜ್‌ನಲ್ಲಿ ಸಂಜೆಯವರೆಗೆ ಹತ್ತಿ ಭಾನುವಾರ ಈ ಬೆಟ್ಟಕ್ಕೆ ಬರುತ್ತೇನೆಂಬ ಯೋಜನೆ ಕಾಗದದ ಮೇಲೆ ಮಾತ್ರ ಚೆಂದ. ಅಂತಹ ವಾರದಲ್ಲಿ ಬಂಡೆಗೆ ಇಂಡೆಕ್ಸ್ ಸಾಕು, ಅದೂ ಮಧ್ಯಾಹ್ನದವರೆಗೆ. ಮಾರ್ಚ್ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ ಎಂಬುದನ್ನೂ ಮರೆಯಬಾರದು: ಹಿಂದಿನ ವಾರ ಹನ್ನೊಂದಕ್ಕೆ ಹದವಾಗುತ್ತಿದ್ದ ಇಳಿಜಾರು ಮುಂದಿನ ವಾರ ಹನ್ನೆರಡಕ್ಕೆ ಹದವಾದರೆ ಅದು ಹಿಮದ ತಪ್ಪಲ್ಲ.

ಬೇಗ ಹೊರಡುವುದರಲ್ಲಿ ಇನ್ನೊಂದು ಅಪಾಯವಿದೆ, ಮತ್ತು ಇದನ್ನು ಹೊಸಬರಿಗೆ ಯಾರೂ ಸಾಕಷ್ಟು ಒತ್ತಿ ಹೇಳುವುದಿಲ್ಲ. ಗಟ್ಟಿಯಾಗಿ ಹೆಪ್ಪುಗಟ್ಟಿದ ಇಳಿಜಾರು ಸಾಮಾನ್ಯವಾಗಿ ಕುಸಿಯುವುದಿಲ್ಲ, ನಿಜ. ಆದರೆ ಅದರ ಮೇಲೆ ಕಾಲು ಜಾರಿದವನು ತಾನಾಗಿ ನಿಲ್ಲುವುದಿಲ್ಲ. ತಡವಾದರೆ ಹಿಮ ಬೀಳುತ್ತದೆ, ಬೇಗವಾದರೆ ನಾವು ಬೀಳುತ್ತೇವೆ. ಅದಕ್ಕಾಗಿಯೇ ಸ್ಕಿನ್ ಹಿಡಿಯದಷ್ಟು ಗಟ್ಟಿ ಇರುವಲ್ಲಿ ಸ್ಕೀಗೆ ಸಿಕ್ಕಿಸುವ ಕ್ರಾಂಪಾನ್, ಅದೂ ಸಾಲದಾದಾಗ ಬೂಟಿನ ಕ್ರಾಂಪಾನ್ ಮತ್ತು ಕೈಯಲ್ಲಿ ಐಸ್ ಆಕ್ಸ್ ಎಂಬ ಹಿಮಗೊಡಲಿ ಬೇಕು. ಇವುಗಳನ್ನು ಕಡಿದಾದ ಜಾಗಕ್ಕೆ ಬರುವ ಮೊದಲೇ ಸಮತಟ್ಟಿನಲ್ಲಿ ನಿಂತು ಕಟ್ಟಿಕೊಳ್ಳಬೇಕು. ಬಿದ್ದಾಗ ಐಸ್ ಆಕ್ಸ್‌ನ ಕೊಕ್ಕನ್ನು ಹಿಮಕ್ಕೆ ನೆಟ್ಟು ಅದರ ಮೇಲೆ ಮೈಭಾರ ಹಾಕಿ ನಿಲ್ಲುವುದನ್ನು, ಕೆಳಗೆ ಬಂಡೆ ಮರಗಳಿಲ್ಲದ ಸಣ್ಣ ದಿಬ್ಬದ ಮೇಲೆ ಒಂದು ಮಧ್ಯಾಹ್ನ ಪೂರ್ತಿ ಅಭ್ಯಾಸ ಮಾಡಿರಬೇಕು. ಕುಳಿತು ಜಾರುವ ಆಸೆಯಾದರೆ ಮೊದಲು ಕ್ರಾಂಪಾನ್ ಬಿಚ್ಚಬೇಕು. ಹಲ್ಲುಗಳು ಹಿಮಕ್ಕೆ ಸಿಕ್ಕಿಕೊಂಡರೆ ಮುರಿಯುವುದು ಕಣಕಾಲು.

ಅಂಚಿನ ಬಗ್ಗೆ ವಿಶೇಷವಾಗಿ ಹೇಳಬೇಕು. ಗಾಳಿ ಪೇರಿಸಿದ ಹಿಮ ಕುಳಿಯ ಮೇಲೆ ಸೂರಿನಂತೆ ಚಾಚಿಕೊಂಡಿರುತ್ತದೆ, ಮತ್ತು ಮೇಲೆ ನಿಂತವರಿಗೆ ಕಲ್ಲು ಎಲ್ಲಿ ಮುಗಿದು ಸೂರು ಎಲ್ಲಿ ಆರಂಭವಾಯಿತೆಂದು ಕಾಣುವುದಿಲ್ಲ. 2010ರ ಫೆಬ್ರವರಿಯಲ್ಲಿ ಈ ಬೆಟ್ಟವನ್ನು ಹಲವು ಬಾರಿ ಹತ್ತಿದ್ದ ಅನುಭವಿಯೊಬ್ಬರು ಹಾಗೆ ನಿಂತಿದ್ದಾಗಲೇ ಸೂರು ಮುರಿದು ಕುಳಿಗೆ ಬಿದ್ದು ತೀರಿಕೊಂಡರು. ಇತರರ ಹೆಜ್ಜೆಗುರುತು ಅಂಚಿನವರೆಗೆ ಇದ್ದರೂ ಅದು ಯಾವುದಕ್ಕೂ ಪ್ರಮಾಣವಲ್ಲ. ಕುಳಿಯ ಚಿತ್ರ ಸಿಗದಿದ್ದರೆ ಸಿಗದಿರಲಿ.

ಇಳಿಯಲು ಹೊರಡುವ ಗಂಟೆಯನ್ನು ಹಿಂದಿನ ರಾತ್ರಿಯೇ ಗುಂಪಿನವರೆಲ್ಲ ಸೇರಿ ನಿಶ್ಚಯಿಸಿರಬೇಕು, ಏಕೆಂದರೆ ನೆತ್ತಿ ಕಣ್ಣೆದುರು ಇರುವಾಗ ಯಾರ ವಿವೇಕವೂ ಪೂರ್ತಿ ಕೆಲಸ ಮಾಡುವುದಿಲ್ಲ. ಆದರೂ ಹಿಮವೇ ಮುಂಚಿತವಾಗಿ ಹೇಳಿದರೆ ಅದನ್ನು ಕೇಳಬೇಕು: ಇಳಿಜಾರಿನಲ್ಲಿ ತಾನಾಗಿ ಉರುಳಿ ಸುರುಳಿ ಸುತ್ತುವ ಹಿಮದ ಉಂಡೆಗಳು ಕಂಡರೆ, ಬಂಡೆಗಳ ಸುತ್ತ ಹಿಮ ಕಳಚಿ ಸಣ್ಣದಾಗಿ ಜಾರತೊಡಗಿದರೆ, ಬೂಟು ಕಣಕಾಲಿನವರೆಗೆ ಹೂತರೆ, ಆ ಮಗ್ಗುಲಿನ ದಿನ ಮುಗಿಯಿತೆಂದೇ ತಿಳಿಯಬೇಕು. ಪೂರ್ವದ ಮಗ್ಗುಲು ಮೊದಲು, ದಕ್ಷಿಣ ನಂತರ, ಪಶ್ಚಿಮ ಕೊನೆಗೆ ಸಡಿಲಗೊಳ್ಳುತ್ತವೆ. ಹೆಚ್ಚಿನ ಹಿಮಕುಸಿತಗಳು 30ರಿಂದ 45 ಡಿಗ್ರಿ ಓರೆಯ ಇಳಿಜಾರಿನಲ್ಲಿ ಆಗುವುದರಿಂದ ಓರೆಯನ್ನು ಬಣ್ಣದಲ್ಲಿ ತೋರಿಸುವ ನಕಾಶೆಯನ್ನು ಮನೆಯಲ್ಲಿಯೇ ನೋಡಿ, ಮೇಲೆ ಅಂತಹ ಇಳಿಜಾರು ಚಾಚಿಕೊಂಡಿರುವ ಹಳ್ಳಗಳನ್ನು ಮಧ್ಯಾಹ್ನದ ದಾರಿಯಿಂದ ಹೊರಗಿಡಬೇಕು.

ಒಮ್ಮೆ ನಾನೂ ಇಬ್ಬರು ಗೆಳೆಯರೂ ಅಲಾರಾಂ ಕೇಳಿಸದೆ ಎಂಟು ಗಂಟೆಗೆ ಹೊರಟೆವು. ಆದರೂ ಏರಿದೆವು, ಅದು ಮೊದಲ ತಪ್ಪು. ಒಂದೂವರೆಗೆ ಇಳಿಯತೊಡಗಿದಾಗ ಪ್ರತಿ ತಿರುವಿನಲ್ಲಿಯೂ ಸ್ಕೀ ಅಂಬಲಿಯಲ್ಲಿ ಹೂತು, ಸ್ಕೀ ಕಳಚಿ ನಡೆದರೆ ತೊಡೆಯವರೆಗೆ ಮುಳುಗಿ, ಅರ್ಧ ಮೈಲಿಗೆ ಎರಡು ಗಂಟೆ ಹಿಡಿಯಿತು. ಬೆಳಿಗ್ಗೆ ಗಟ್ಟಿಯಾಗಿದ್ದಿರಬೇಕಾದ ಹಳ್ಳದ ಮೇಲಿನ ಹಿಮಸೇತುವೆ ಅಷ್ಟರಲ್ಲಿ ಕುಸಿದಿತ್ತು. ಮಂಡಿಯವರೆಗಿನ ತಣ್ಣೀರಿನಲ್ಲಿ ನಿಂತಾಗ ನಾವು ಮೂವರೂ ಮಾತಾಡಲಿಲ್ಲ.

ಹೊಸಬರಿಗೆ ಇಷ್ಟು ಉದ್ದದ ದಿನ ಬೇಡವೆನಿಸಿದರೆ ಮೌಂಟ್ ರೇನಿಯರ್ ರಾಷ್ಟ್ರೀಯ ಉದ್ಯಾನದಲ್ಲಿ 5,400 ಅಡಿ ಎತ್ತರದ ಪ್ಯಾರಡೈಸ್‌ನಿಂದ ಮ್ಯೂರ್ ಹಿಮಬಯಲಿನ ಕಡೆಗೆ ಎಷ್ಟು ಸಾಧ್ಯವೋ ಅಷ್ಟು ಏರಿ ಮರಳಬಹುದು. ಅಲ್ಲಿನ ದೊಡ್ಡ ಶತ್ರು ಮೋಡ: ಅದು ಇಳಿದಾಗ ನೆಲ ಆಕಾಶ ಎರಡೂ ಒಂದೇ ಬಿಳುಪಾಗಿ, ಸ್ವಲ್ಪ ದಿಕ್ಕು ತಪ್ಪಿದರೂ ಪಕ್ಕದ ಹಿಮನದಿಯ ಬಿರುಕುಗಳ ಕಡೆಗೆ ಹೋಗುತ್ತೇವೆ. ಏರುವಾಗಲೇ ಜಿಪಿಎಸ್‌ನಲ್ಲಿ ದಾರಿಯನ್ನು ದಾಖಲಿಸಿಕೊಂಡಿರಬೇಕು. ನವೆಂಬರ್ 1ರಿಂದ ಮೇ 1ರವರೆಗೆ ಉದ್ಯಾನದೊಳಗೆ ಎಲ್ಲ ವಾಹನಗಳಲ್ಲಿಯೂ ಚಕ್ರದ ಸರಪಳಿ ಇರಲೇಬೇಕು.

ಚೀಲದಲ್ಲಿ

ಗುಂಪಿನ ಪ್ರತಿಯೊಬ್ಬರ ಬಳಿಯೂ, ಹೂತವರನ್ನು ಪತ್ತೆಹಚ್ಚಲು ರೇಡಿಯೊ ಸಂಕೇತ ಕಳಿಸುವ 457 ಕಿಲೋಹರ್ಟ್ಸ್‌ನ ಬೀಕನ್, ಹಿಮಕ್ಕೆ ಚುಚ್ಚಿ ನೋಡುವ ಮಡಿಸುವ ಪ್ರೋಬ್ ಕೋಲು, ಲೋಹದ ಸಲಿಕೆ ಇರಬೇಕು. ಒಬ್ಬರ ಬಳಿ ಇಲ್ಲದಿದ್ದರೆ ಎಲ್ಲರ ಬಳಿಯೂ ಇಲ್ಲವೆಂದೇ ಲೆಕ್ಕ. ಹೂತುಹೋದವರು ಬದುಕುವ ಸಾಧ್ಯತೆ ಮೊದಲ 10-15 ನಿಮಿಷಗಳ ನಂತರ ತೀವ್ರವಾಗಿ ಇಳಿಯುವುದರಿಂದ ರಕ್ಷಣಾ ತಂಡಕ್ಕಾಗಿ ಕಾಯುವುದು ಉಪಾಯವಲ್ಲ, ಜೊತೆಗಿದ್ದವರೇ ಅಗೆಯಬೇಕು. ಮೊಬೈಲ್ ಫೋನನ್ನು ಬೀಕನ್‌ನಿಂದ ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರವಿಡಬೇಕು. ಸೇಂಟ್ ಹೆಲೆನ್ಸ್‌ನ ಹೆಚ್ಚಿನ ಭಾಗದಲ್ಲಿ ಫೋನ್ ಸಿಗ್ನಲ್ ನೆಚ್ಚುವಂತಿರುವುದಿಲ್ಲವಾದ್ದರಿಂದ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಒಂದಾದರೂ ಇರಲಿ, ಮತ್ತು ಎಷ್ಟು ಗಂಟೆಯೊಳಗೆ ಸುದ್ದಿ ಬಾರದಿದ್ದರೆ 911ಕ್ಕೆ ಕರೆ ಮಾಡಬೇಕೆಂದು ಮನೆಯವರಿಗೆ ಬರೆದುಕೊಟ್ಟು ಹೋಗಬೇಕು.

ಹಿಮ ಬಿಸಿಲನ್ನು ಕೆಳಗಿನಿಂದಲೂ ಎರಚುತ್ತದೆ. ಮೂಗಿನ ಹೊಳ್ಳೆಗಳ ಕೆಳಗೆ, ಗಲ್ಲದ ಅಡಿಗೆ ಸನ್‌ಸ್ಕ್ರೀನ್ ಹಚ್ಚದವರು ಸೋಮವಾರದ ಸಭೆಯಲ್ಲಿ ಗುರುತಿಗೆ ಸಿಗುತ್ತಾರೆ. ಗಾಢ ಕನ್ನಡಕವಿಲ್ಲದವರಿಗೆ ಆ ರಾತ್ರಿ ಕಣ್ಣಿಗೆ ಮರಳು ಹಾಕಿದಂತಹ ಉರಿ. ಊಟದ ಬಗ್ಗೆ ನನ್ನ ಅನುಭವ ಹೇಳುವುದಾದರೆ ಚಿತ್ರಾನ್ನ ಬೇಡ, ಆ ಚಳಿಗೆ ಅನ್ನ ಬಿರುಸಾಗಿ ಮಣಿಗಳಾಗುತ್ತದೆ. ಚಿಕ್ಕಿ ಹಲ್ಲು ಮುರಿಯುವಷ್ಟು ಗಟ್ಟಿಯಾಗುತ್ತದೆ. ತುಪ್ಪ ಸವರಿ ಶೇಂಗಾ ಚಟ್ನಿಪುಡಿ ಹಾಕಿ ಸುತ್ತಿದ ಚಪಾತಿ, ಮೆತ್ತಗಿನ ಎಳ್ಳುಂಡೆ, ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ಇವು ಇಂದಿನವರೆಗೆ ಕೈಕೊಟ್ಟಿಲ್ಲ.

ಮರಳುವ ದಾರಿಯಲ್ಲಿ ವಾಹನ ಓಡಿಸುವವರು ಬೆಳಗಿನ ಮೂರಕ್ಕೆ ಎದ್ದವರಾಗಿರುತ್ತಾರೆ ಎಂಬುದನ್ನು ಮರೆಯದೆ, ಹೊರಡುವ ಮೊದಲು ಅರ್ಧ ಗಂಟೆ ನಿದ್ರಿಸುವುದನ್ನು ಯೋಜನೆಯಲ್ಲಿಯೇ ಸೇರಿಸಬೇಕು. ಮನೆ ಸೇರಿದ ರಾತ್ರಿಯೇ ಸ್ಕಿನ್‌ಗಳನ್ನು ನೆರಳಿನಲ್ಲಿ ಒಣಹಾಕಿ, ಕ್ರಾಂಪಾನ್ ಒರೆಸಿ, ಹಿಮ ಯಾವ ಎತ್ತರದಲ್ಲಿ ಯಾವ ಮಗ್ಗುಲಿನಲ್ಲಿ ಎಷ್ಟು ಗಂಟೆಗೆ ಹೇಗಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ವಾರ ಅಲಾರಾಂ ಎಷ್ಟಕ್ಕೆ ಇಡಬೇಕೆಂಬುದು ಅದರಿಂದಲೇ ತಿಳಿಯುತ್ತದೆ. ನನ್ನ ಪುಸ್ತಕದ ಒಂದು ಏಪ್ರಿಲ್ ಪುಟದಲ್ಲಿ ಹೀಗಿದೆ: ‘ರಾತ್ರಿ ನಿರಭ್ರ. ದಕ್ಷಿಣ, 6,000 ಅಡಿ. 9.30ಕ್ಕೆ ಕಲ್ಲು, 10.45ಕ್ಕೆ ರವೆ, 12.30ಕ್ಕೆ ಅಂಬಲಿ.’